ಸಂದಿನಲ್ಲಿ ನಿಂತ ಮಾತು

ಕಾರ್ಥಮಸ್ ಟಿಂಕ್ಟೋರಿಯಸ್ — ಕಿಟಕಿಯಾಚೆ ಕೇಸರಿ ಬೆರೆತ ಹಳದಿಯ ಒಂದು ಪಟ್ಟಿ ಹಾದುಹೋಯಿತು, ಮುಳ್ಳಿನ ಗಿಡ, ಎಣ್ಣೆಕಾಳು, ಲ್ಯಾಟಿನ್ ಹೆಸರು ಥಟ್ಟನೆ ಬಂತು, ಮನೆಮಾತಿನ ಹೆಸರು ಮಾತ್ರ ಇನ್ನೂ ದಾರಿಯಲ್ಲಿದೆ, ಅವಸರ ಮಾಡಬಾರದು ಪಂಚಶೀಲಾ, ಬೆನ್ನು ಹತ್ತಿದರೆ ಇನ್ನೂ ದೂರ ಓಡುತ್ತದೆ, ಬೇರೆ ಕಡೆ ನೋಡು, ಮುಂದಿನ ಸೀಟಿನ ಕೂಸು ಅವರವ್ವನ ಹೆಗಲ ಮೇಲಿಂದ ನನ್ನನ್ನು ನೋಡಿ ನಗುತ್ತಿದೆ, ಬಾಯಲ್ಲಿ ಎರಡೇ ಹಲ್ಲು — ಕುಸುಬಿ, ಹಾಂ, ಕುಸುಬಿ, ಬಂತು ನೋಡು. ಅವ್ವ ಕೂಲಿಗೆ ಹೋದಾಗ ಕಾಲಿಗೆ ಗೋಣಿಚಿಂದಿ ಸುತ್ತಿಕೊಂಡು ಕೊಯ್ಯುತ್ತಿದ್ದ ಕುಸುಬಿ, ಸಂಜೆ ದೀಪದ ಮುಂದೆ ಕೂತು ನಾನು ಅವಳ ಬೆರಳಿನ ಮುಳ್ಳು ತೆಗೆಯುತ್ತಿದ್ದೆ, ಅಪ್ಪ ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊತ್ತು ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ, ಓದವ್ವ, ಜೋರಾಗಿ ಓದು, ನನಗೂ ಕೇಳಸ್ಲಿ ಅನ್ನುತ್ತಿದ್ದ, ಅದೆಲ್ಲ ಎಷ್ಟು ನಿಚ್ಚಳ, ಐವತ್ತೈದು ವರ್ಷದ ಹಿಂದಿನದು ಕೈಗೆ ಸಿಗುತ್ತದೆ, ಬೆಳಿಗ್ಗೆ ಕೋಟನೂರಿನ ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದೆನೋ ಇಲ್ಲವೋ ಅನ್ನುವುದು ಸಿಗುವುದಿಲ್ಲ. ಆರಿಸಿದ್ದಾರೆ, ಇವರು ಆರಿಸಿದ್ದಾರೆ, ಪಕ್ಕದಲ್ಲಿ ಕೂತು ಪೇಪರ್ ಓದುವ ಹಾಗೆ ನಟಿಸುತ್ತಿದ್ದಾರೆ ನನ್ನ ಗಂಡ ಜೈಭೀಮ, ಇದೇ ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದವರು, ಮಹಾಗಾಂವ ಕ್ರಾಸ್ ಬಂದಾಗ ಈಗಲೂ ಅವರ ಬಾಯಿ ತಾನಾಗಿ ಅಲುಗುತ್ತದೆ, ಇಳಿಯೋರು ಬರ್ರಿ ಅಂತ. ದಿನಾ ಕಲಬುರಗಿಯಿಂದ ಕಮಲಾಪುರದ ಹೈಸ್ಕೂಲಿಗೆ ಹೋಗುತ್ತಿದ್ದ ಹೊಸ ಟೀಚರಿಗೆ ಅವರು ಕಿಟಕಿ ಸೀಟು ಹಿಡಿದಿಡುತ್ತಿದ್ದರು, ಒಂದು ವರ್ಷ ಏನೂ ಮಾತಾಡಲಿಲ್ಲ, ಸೀಟು ಹಿಡಿದಿಟ್ಟರು ಅಷ್ಟೆ, ಮದುವೆಯಾಗಿ ಮೂವತ್ತಾರು ವರ್ಷ, ಇವತ್ತೂ ಕಿಟಕಿ ನನಗೇ.

ಶೀಲಾ, ಚೀಟಿ ಇಟ್ಕೊಂಡಿ ಇಲ್ಲ — ಇಟ್ಟುಕೊಂಡಿದ್ದೇನೆ ರೀ, ಚೀಲದಲ್ಲಿದೆ. ಅವರಿಗೆ ನಾನು ಇವತ್ತು ಪಾಠ ಮಾಡುವುದು ಬೇಡವಾಗಿತ್ತು. ಹೀನಾ ಫೋನ್ ಮಾಡಿದಾಗಿನಿಂದ ಬೇಡವಾಗಿತ್ತು, ಹೀನಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಮಲಾಪುರದ ಶಾಲೆಯಲ್ಲಿ ವಿಜ್ಞಾನದ ಟೀಚರು, ವಿಜ್ಞಾನ ದಿನಕ್ಕೆ ನೀವೇ ಬರ್ಬೇಕ್ರಿ ಟೀಚರ್, ಹತ್ತನೇ ಕ್ಲಾಸಿನವರು ಮಿದುಳಿನ ಪಾಠ ನಿಮ್ಮ ಬಾಯಿಂದ ಕೇಳ್ಬೇಕು ಅಂದಳು, ನಾನು ಆಗಲಿ ಅಂದುಬಿಟ್ಟೆ, ಅವಳಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಇವರಿಗೆ, ನನಗೆ, ಡಾಕ್ಟರಿಗೆ, ಮೂರೇ ಜನ. ನಡುವ ಮಾತು ನಿಂತ್ರ ಏನ್ ಮಾಡ್ತಿ, ಮಂದಿ ನೋಡ್ತಾರ ಅಂದರು ಇವರು, ಮಂದಿ ಅಲ್ಲ ಮಕ್ಕಳು ಅಂದೆ ನಾನು, ಅದಕ್ಕೆ ಅವರು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಪಾಠದ ಸಾಲುಗಳನ್ನೆಲ್ಲ ಬರೆದುಕೊಟ್ಟರು, ನಾನು ಹೇಳಿದೆ, ಅವರು ಬರೆದರು, ನರಕೋಶಕ್ಕೆ ನರಕೋಸ ಅಂತ ಬರೆದಿದ್ದಾರೆ, ತಿದ್ದಲಿಲ್ಲ. ಮರೆವು ಮೊದಲು ಗೊತ್ತಾದದ್ದು ಹಿಟ್ಟಿನಿಂದ. ಜೋಳದ ಹಿಟ್ಟು ನಾದಿ ಮುಚ್ಚಿಟ್ಟೆ, ಸ್ವಲ್ಪ ಹೊತ್ತಿಗೆ ಮತ್ತೆ ನಾದಿ ಮುಚ್ಚಿಟ್ಟೆ, ಮತ್ತೆ — ಇವರು ಒಳಗೆ ಬಂದು ನೋಡಿದರೆ ಮೂರು ಬುಟ್ಟಿ, ಮೂರು ಮುಚ್ಚಳ, ಮೂರು ಮುದ್ದೆ. ತಾವೇ ಕೂತು ಬಡಿಯತೊಡಗಿದರು, ಅರವತ್ತೇಳನೆಯ ವಯಸ್ಸಿಗೆ ರೊಟ್ಟಿ ಬಡಿಯುವುದು ಕಲಿತರು, ಆಕಾರ ತಪ್ಪಿದ ರೊಟ್ಟಿ, ಓಣಿಯ ಮಂದಿಗೆಲ್ಲ ಹಂಚಿ ಬಂದು, ಎಲ್ಲರೂ ಇವತ್ತೇನ್ ಹಬ್ಬ ಅಂತ ಕೇಳಿದ್ರು ಅಂದರು. ಆಮೇಲೆ ಶರಣಬಸವೇಶ್ವರ ಗುಡಿಯ ಹತ್ತಿರ ಆದದ್ದು, ಕಮಲಾಪುರದಿಂದ ವರ್ಗವಾಗಿ ಬಂದು ಹದಿನೇಳು ವರ್ಷ ನಾನು ಕೆಲಸ ಮಾಡಿದ ಶಾಲೆ ಆ ಓಣಿಯಲ್ಲೇ ಇದೆ, ಕಾಯಿ ಕೊಂಡು ತಿರುಗಿದೆ, ನಾಲ್ಕೂ ರಸ್ತೆ ಒಂದೇ ಥರ ಕಂಡವು, ಭಯವಾಗಲಿಲ್ಲ, ಅದೇ ಆಶ್ಚರ್ಯ, ಹೂವಿನವಳ ಪಕ್ಕದ ಕಟ್ಟೆಯ ಮೇಲೆ ಕೂತೆ, ಅವಳು ಮಾಲೆ ಕಟ್ಟುವುದನ್ನು ನೋಡುತ್ತಾ ಕೂತೆ, ಎರಡು ಮಾಲೆ ಮುಗಿಯುವಷ್ಟರಲ್ಲಿ ಒಂದು ರಸ್ತೆ ಮೆಲ್ಲಗೆ ನನ್ನ ರಸ್ತೆ ಆಯಿತು.

ಡಾಕ್ಟರ್ ಮುಬಶ್ಶಿರಾ ಇನ್ನೂ ಚಿಕ್ಕವಳು, ನನ್ನ ಮಗಳ ವಯಸ್ಸಿರಬೇಕು ಮಗಳಿದ್ದಿದ್ದರೆ, ಸ್ಕ್ಯಾನ್ ನೋಡಿದಳು, ಪರೀಕ್ಷೆ ಮಾಡಿದಳು, ಗಡಿಯಾರ ಬರೀರಿ ಅಂದಳು, ಬರೆದೆ, ಮುಳ್ಳು ಹಾಕುವುದು ಮರೆತೆ. ಅಲ್ಝೈಮರ್ ಅಂದಳು, ಶುರುವಾತಿನ ಹಂತ ಅಂದಳು. ಇವರು ನೆಲ ನೋಡಿದರು. ನಾನು ಕೇಳಿದೆ, ಡಾಕ್ಟರಮ್ಮ, ಒಳಗೆ ಏನಾಗ್ತಿದೆ ಅದನ್ನ ಹೇಳು. ಅವಳು ನಕ್ಕಳು, ಯಾರೂ ಇದು ಕೇಳಂಗಿಲ್ರಿ, ಎಲ್ಲರೂ ಎಷ್ಟು ವರ್ಷ ಅಂತ ಕೇಳ್ತಾರ — ಕುರ್ಚಿ ಹತ್ತಿರ ಎಳೆದು ಹಾಳೆಯ ಹಿಂದೆ ಚಿತ್ರ ಬರೆದಳು, ಮೂವತ್ತೊಂದು ವರ್ಷ ನಾನು ಬೋರ್ಡಿನ ಮೇಲೆ ಬರೆದ ಅದೇ ಚಿತ್ರ, ಎರಡು ನರಕೋಶ, ನಡುವೆ ಸಿನಾಪ್ಸ್ ಅನ್ನುವ ಕಣ್ಣಿಗೆ ಕಾಣದ ಸಂದು, ಈ ಕಡೆಯ ಕೋಶ ರಾಸಾಯನಿಕ ಚೆಲ್ಲುತ್ತದೆ, ಆ ಕಡೆಯ ಕೋಶದ ಗ್ರಾಹಿಗಳು ಅದನ್ನು ಹಿಡಿಯುತ್ತವೆ, ಮಾತು ದಾಟಿತು. ಅಮಿಲಾಯ್ಡ್ ಅನ್ನೋದು ಎಲ್ಲರ ಮಿದುಳಿನ್ಯಾಗೂ ಇರ್ತದ್ರಿ ಟೀಚರ್, ಕೋಶದ ಪೊರೆಯಾಗಿನ ಒಂದು ದೊಡ್ಡ ಪ್ರೋಟೀನು, ಅದನ್ನ ಕತ್ತರಿಸಿದಾಗ ಬೀಳೋ ತುಣುಕು, ದಿನಾ ಬೀಳ್ತದ, ದಿನಾ ತೊಳದು ಹೋಗ್ತದ, ಈ ಜಡ್ಡಿನ್ಯಾಗ ತೊಳದು ಹೋಗಂಗಿಲ್ಲ, ಒಂದಕ್ಕೊಂದು ಅಂಟತಾವ. ಕೊನೆಗೆ ಆಗುವ ದೊಡ್ಡ ಗಡ್ಡೆಗಳು ಸ್ಕ್ಯಾನಿನಲ್ಲಿ ಕಾಣುತ್ತವಂತೆ, ಆದರೆ ಅದಕ್ಕೂ ಮುಂಚೆ, ನಾಲ್ಕೋ ಎಂಟೋ ತುಣುಕು ಸೇರಿದ ಸಣ್ಣ ಗುಂಪು, ಇನ್ನೂ ಕರಗಿದ ಸ್ಥಿತಿಯಲ್ಲೇ ತೇಲುವ ಗುಂಪು, ಅದು ಸಂದಿನ ಅಂಚಿಗೆ ಬಂದು ಕೂರುತ್ತದೆ, ಆ ಕಡೆಯ ಕೋಶ ತನ್ನ ಗ್ರಾಹಿಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳುತ್ತದೆ, ಇತ್ತ ಕರೆದರೂ ಅತ್ತ ಕೇಳುವುದಿಲ್ಲ. ಪದೇ ಪದೇ ದಾಟಿದ ಮಾತಿಗೆ ದಾರಿ ಗಟ್ಟಿಯಾಗಬೇಕು, ನೆನಪು ಅಂದರೆ ಅದೇ, ಆ ಗಟ್ಟಿಯಾಗುವುದೇ ನಿಲ್ಲುತ್ತದೆ. ಗಡ್ಡೆಗಳ ಅಕ್ಕಪಕ್ಕದ ಕೆಲವು ಕೋಶಗಳು ಮಾತ್ರ ಕಾರಣವಿಲ್ಲದೆ ಕೂಗಾಡುತ್ತವಂತೆ. ಹಾಗಾದರೆ ಕೋಶ ಸತ್ತಿಲ್ಲ ಅಂದೆ. ಎಲ್ಲಾ ಸತ್ತಿಲ್ರಿ, ಮೊದಲ ಪೆಟ್ಟು ಮಾತುಕತೆಗೆ ಬೀಳ್ತದ, ಸಾಯೋದು ಆಮ್ಯಾಲಿನ ಮಾತು. ವಾಸಿ ಆಗುವುದಿಲ್ಲ ಅಂತಲೂ ಹೇಳಿದಳು, ಮುಚ್ಚಿಡಲಿಲ್ಲ, ಅಮಿಲಾಯ್ಡ್ ತೆಗೆಯುವ ಹೊಸ ಔಷಧಗಳು ಬಂದಿವೆ, ಎಲ್ಲರಿಗೂ ಆಗಿಬರುವುದಿಲ್ಲ, ಸದ್ಯಕ್ಕೆ ಊಟವಾದ ಮೇಲೆ ಒಂದು ಗುಳಿಗೆ, ಸಂದಿನಲ್ಲಿ ಚೆಲ್ಲಿದ ರಾಸಾಯನಿಕವನ್ನು ಸ್ವಲ್ಪ ಹೆಚ್ಚು ಹೊತ್ತು ಉಳಿಸುವ ಗುಳಿಗೆ. ಹೊರಗೆ ಬಂದ ಮೇಲೆ ಇವರು ಕೇಳಿದರು, ನೀ ಯಾಕ ನಗಾಕತ್ತಿದಿ. ನಗುತ್ತಿದ್ದೆನೇ, ಇರಬೇಕು, ಯಾಕೆಂದರೆ ನನ್ನೊಳಗೆ ನಡೆಯುತ್ತಿರುವುದಕ್ಕೆ ಒಂದು ಚಿತ್ರವಿದೆ, ನಾನು ಆ ಚಿತ್ರ ಬಲ್ಲೆ, ಕತ್ತಲಲ್ಲಿ ಏನೋ ತಿನ್ನುತ್ತಿದೆ ಅಂತ ನಡುಗುವುದು ತಪ್ಪಿತು, ಮೂರು ತಿಂಗಳಿಂದ ನಿದ್ದೆ ಚೆನ್ನಾಗಿ ಬರುತ್ತಿದೆ, ಇದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.

ಕಮಲಾಪುರ, ಕಮಲಾಪುರ, ಕೈ ಹಿಡಿದು ಇಳಿಸುತ್ತಾರೆ, ಬುಟ್ಟಿಗಳಲ್ಲಿ ಕೆಂಪು ಬಾಳೆಹಣ್ಣು, ಇಲ್ಲಿಯ ಮಣ್ಣಿಗೇ ಬರುವ ಕೆಂಪು, ಹೀನಾ ಬಸ್ ಸ್ಟ್ಯಾಂಡಿಗೇ ಬಂದಿದ್ದಾಳೆ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ನನ್ನ ಹೀನಾಗೆ ಬಿಳಿಗೂದಲು, ಟೀಚರ್‌ರೀ ಅಂತ ಕಾಲಿಗೆ ಬೀಳಲು ಬಗ್ಗಿದವಳನ್ನು ಎತ್ತಿ ಅಪ್ಪಿಕೊಂಡೆ. ಒಂಬತ್ತನೆಯ ತರಗತಿಗೆ ಇವಳನ್ನು ಬಿಡಿಸಿದ್ದರು, ಇವಳ ಅಪ್ಪ ಚಾಂದಪಾಶಾ ದರ್ಜಿ, ಮಷೀನಿನ ಮುಂದೆ ಹೋಗಿ ನಿಂತೆ, ಹುಡುಗಿ ಚೊಲೋ ಓದ್ತಾಳ ಅಂದೆ, ಅವರು ತಲೆಯೆತ್ತದೆ ಹೊಲಿಯುತ್ತಲೇ ಇದ್ದರು, ನಾನು ನಿಂತೇ ಇದ್ದೆ, ದಾರ ಮುಗಿಯಿತು, ಆಗ ನನ್ನ ಕಡೆ ನೋಡಿ, ನಾಳಿಂದ ಕಳಸ್ತೀನಿ ಟೀಚರಬಾಯಿ, ನೀವು ಕುಂದರ್ರಿ ಮೊದಲ ಅಂದರು. ಶಾಲೆಯ ಅದೇ ಕೋಣೆ, ಹೊಸ ಬಣ್ಣ, ಹಳೆಯ ಫ್ಯಾನು, ನಲವತ್ತು ಮಕ್ಕಳು ಎದ್ದು ನಿಂತು ನಮಸ್ತೇ ಹೇಳುತ್ತಾರೆ, ಇವರು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಾರೆ, ಸೀಮೆಸುಣ್ಣ ಬೆರಳಿಗೆ ಬಂದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಎಷ್ಟು ಹಗುರ, ಬರೆಯುತ್ತೇನೆ, ಒಂದು ಕೋಶ, ಟಿಸಿಲು ಟಿಸಿಲು, ಎಲೆ ಉದುರಿದ ಗಿಡದಂಥದ್ದು, ಉದ್ದನೆಯ ಬಾಲ, ಬಾಲದ ತುದಿಯ ಎದುರು ಇನ್ನೊಂದು ಕೋಶ, ನಡುವೆ ಬೆರಳಗಲ ಬಿಟ್ಟಿದ್ದೇನೆ, ಇವೆರಡು ಮುಟ್ಟಂಗಿಲ್ಲ ಮಕ್ಕಳ, ಮುಟ್ಟದೇ ಮಾತಾಡ್ತಾವ, ಅದಕ್ಕ ಈ ಜಾಗ ಬೇಕು, ಈ ಜಾಗಕ್ಕ ಏನಂತಾರ ಅಂದ್ರ —

ಅಂದರೆ. ಸಂದು ಇದೆ, ಸುಣ್ಣದ ಎರಡು ಗೆರೆಗಳ ನಡುವೆ ಕಪ್ಪು ಇದೆ, ಹೆಸರಿಲ್ಲ. ಸ ದಿಂದ — ಸ ದಿಂದಲೇ ಅಲ್ಲವೇ — ಸರಳ ರೇಖೆ, ಸಕ್ಕರೆ, ಸಾಬೂನು, ಅಲ್ಲ, ಮೂವತ್ತೊಂದು ವರ್ಷ ಹೇಳಿದ ಶಬ್ದ, ಪರೀಕ್ಷೆಯಲ್ಲಿ ಎರಡು ಅಂಕದ ಶಬ್ದ, ಫ್ಯಾನ್ ಟಕ್ ಟಕ್ ಅನ್ನುತ್ತಿದೆ, ಹಿಂದಿನ ಬೆಂಚಿನಲ್ಲಿ ಇವರು ಅರ್ಧ ಎದ್ದಿದ್ದಾರೆ, ಚೀಟಿ, ಚೀಲ ಮೇಜಿನ ಮೇಲಿದೆ, ಹೀನಾ ನನ್ನ ಮುಖ ನೋಡುತ್ತಿದ್ದಾಳೆ. ಒಂದು ಉಪಾಯ ಇದೆ, ಎಲ್ಲ ಟೀಚರರಿಗೂ ಗೊತ್ತಿರುವ ಉಪಾಯ, ಯಾರು ಹೇಳ್ತೀರಿ, ಕೈ ಎತ್ರಿ, ಅಂದರೆ ಮುಗಿಯಿತು, ಮರೆತದ್ದು ಪ್ರಶ್ನೆಯಾಗಿಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ, ತುಟಿಯವರೆಗೆ ಬಂತು, ಯಾರು ಹೇ — ಮುಂದಿನ ಸಾಲಿನ ಮಕ್ಕಳ ಕಣ್ಣು ನೋಡಿದೆ, ಈ ಮಕ್ಕಳ ಮುಂದೆ ಮಿದುಳಿನ ಪಾಠ ಮಾಡಲು ಬಂದು ನನ್ನ ಮಿದುಳಿನದನ್ನೇ ಬಚ್ಚಿಡುವುದೇ, ನಾಚಿಕೆ ಇಷ್ಟು ದೂರ ಬಸ್ಸು ಹತ್ತಿ ಬಂದಿದೆಯೇ. ಸೀಮೆಸುಣ್ಣ ಕೆಳಗಿಟ್ಟೆ. ಮಕ್ಕಳ, ನನಗ ಈ ಹೆಸರು ನೆನಪಾಗವಲ್ದು, ಇದು ನಿಮಗ ಕೇಳಿದ ಪ್ರಶ್ನೆ ಅಲ್ಲ, ಖರೇನೇ ಮರ್ತೀನಿ, ನನಗ ಅಲ್ಝೈಮರ್ ಅನ್ನೋ ಜಡ್ಡು ಅದ, ಅದು ಎಲ್ಲಿ ಕುಂತದ ಅಂದ್ರ ಈ ಜಾಗದಾಗೇ ಕುಂತದ. ಯಾರೋ ಪೆನ್ನು ಬೀಳಿಸಿದರು. ಹೀನಾಳ ಕೈ ಬಾಯಿಗೆ ಹೋಯಿತು. ಆಮೇಲೆ ಎಡಗಡೆಯಿಂದ ಒಂದು ದನಿ ಮೆಲ್ಲಗೆ ಸಿನಾಪ್ಸ್ ಅಂದಿತು, ಬಲಗಡೆಯಿಂದ ಇನ್ನೊಂದು, ಸಿನಾಪ್ಸ್‌ರೀ ಟೀಚರ್, ನಾಲ್ಕು, ಹತ್ತು, ಎಲ್ಲ ಒಟ್ಟಿಗೆ ಹೇಳಿ ತಾವೇ ನಕ್ಕರು, ನಾನೂ ನಕ್ಕೆ, ಸಿನಾಪ್ಸ್, ಹೌದು, ಅದೇ, ಬರೆದೆ, ಕೆಳಗೆ ಗೆರೆ ಎಳೆದೆ, ಮುಂದಿನ ಪಾಠ ನೀರು ಹರಿದ ಹಾಗೆ ಹೋಯಿತು, ಗ್ರಾಹಿಗಳನ್ನು ಬರೆದು ಒಂದೊಂದನ್ನೇ ಬೆರಳಿನಿಂದ ಒರೆಸಿ ತೋರಿಸಿದೆ, ಅಮಿಲಾಯ್ಡಿನ ಗುಂಪನ್ನು ಕೆಂಪು ಸುಣ್ಣದಲ್ಲಿ ಹಾಕಿದೆ, ಇಂಥ ಪಾಠ ನನ್ನ ನೌಕರಿಯಲ್ಲೇ ಮಾಡಿರಲಿಲ್ಲ, ಇವರು ಬೆಂಚಿನ ಮೇಲೆ ಪೂರ್ತಿ ಕೂತು ಕಾಲು ಚಾಚಿದ್ದಾರೆ.

ಎಲ್ಲ ಮುಗಿದ ಮೇಲೆ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು, ಹೆಸರು ಅಂಬಮ್ಮ, ಎರಡು ಜಡೆ, ನೆಲ ನೋಡುತ್ತಾ ಕೇಳಿದಳು, ಟೀಚರ್‌ರೀ, ಇದು ಬಂದವರಿಗಿ ಹುಚ್ಚ ಹಿಡೀತದೇನ್ರಿ. ಇಲ್ಲವ್ವ, ಯಾಕ. ನಮ್ಮಾಯಿಗಿ, ನಮ್ಮಪ್ಪನ ಅವ್ವಗ, ಹುಚ್ಚ ಹಿಡದದ ಅಂತಾರ್ರಿ, ನಮ್ಮಪ್ಪ ಕ್ವಾಣಿಯಾಗ ಕೂಡಿ ಹಾಕ್ಯಾನ. ಹೀನಾ ಕಿವಿಯಲ್ಲಿ ಹೇಳಿದಳು, ಅದು ಬ್ಯಾರೆದವರ ಮನೀ ಮಾತ್ರಿ ಟೀಚರ್, ನಿಮಗ ಬಸ್ಸಿಗೂ ಹೊತ್ತಾಗ್ತದ. ನಾನು ಇವರ ಕಡೆ ನೋಡಿದೆ, ಇವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು, ಬಸ್ಸು ಮುಂದಿಂದು ಅದ ಅಂದರು. ಬಾಳೆತೋಟದ ಹಿಂದಿನ ಓಣಿ, ಅಂಬಮ್ಮ ಮುಂದೆ, ನಾವು ಮೂವರು ಹಿಂದೆ, ಬಿಸಿಲು ಹದವಾಗಿದೆ, ಅಂಗಳದಲ್ಲಿ ಅವಳ ಅಪ್ಪ ಯಂಕಪ್ಪ ಊಟಕ್ಕೆ ಬಂದವನು ಕೈ ತೊಳೆಯುತ್ತಿದ್ದ, ಟೀಚರರನ್ನು ನೋಡಿ ಗಾಬರಿಯಾದ, ಮಗಳು ಏನು ತಪ್ಪು ಮಾಡಿದಳೋ ಅಂದುಕೊಂಡ. ಅವನ ಹಿಂದೆ ಒಂದು ಬಾಗಿಲು, ಹೊರಗಿನಿಂದ ಸರಪಳಿ ಹಾಕಿದೆ, ಕಬ್ಬಿಣದ ಸರಪಳಿ, ಮೇಲಿನ ಕೊಂಡಿಗೆ ಸಿಕ್ಕಿಸಿ ಬಿಗಿದಿದ್ದಾರೆ. ನಾನು ಅದನ್ನೇ ನೋಡಿದೆ. ನಮ್ಮವ್ವ ಸಾಬಮ್ಮ ಒಳಗಿದ್ದಾಳ್ರಿ, ಅವನು ಕೇಳದೆಯೇ ಹೇಳಿದ, ನನಗೇನು ಹೌಸೇನ್ರಿ ಹಿಂಗ ಮಾಡಾಕ, ಎರಡು ಸಲ ಮೇನ್ ರೋಡಿಗಿ ಹೋಗ್ಯಾಳ, ಲಾರಿಯಾಂವ ಬ್ರೇಕ್ ಹಾಕಿ ನಿಂತು ಬೈದು ಹೋದ, ಕರಕೊಂಡು ಬಂದ್ರ ನೀ ಯಾರೋ ತಮ್ಮಾ ಅಂತಾಳ, ಹೆತ್ತ ಮಗನಿಗಿ. ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದ, ಒಣಗಿದ ಕೈ. ಹೆಂಡ್ತಿ ಬಂದ ಮ್ಯಾಲ ಅವ್ವಗ ನನ್ನ ಮ್ಯಾಲ ಸಿಟ್ಟು, ಅದಕ್ಕ ಬೇಕಂತ ಮರ್ತಾಳ ಅಂದ್ಕೊಂಡಿದ್ದೆ, ಆಮ್ಯಾಲ ಮಂದಿ ಹುಚ್ಚು ಅಂದ್ರು.

ಹೀನಾಳಿಂದ ಸೀಮೆಸುಣ್ಣದ ತುಂಡು ತೆಗೆದುಕೊಂಡು ಅಂಗಳದ ಶಹಾಬಾದಿ ಹಾಸುಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತೆ, ಮೊಣಕಾಲು ನೋಯಿತು, ಎರಡು ಕೋಶ ಬರೆದೆ, ಯಂಕಪ್ಪನೂ ಎದುರು ಕೂತ. ಇದು ಮಿದುಳಿನ್ಯಾಗಿನ ಒಂದು ಕಣ, ಇದು ಇನ್ನೊಂದು, ನಡುವ ಸಂದು, ಈ ಕಣ ಮಾತು ಕಳಸ್ತದ, ಸಂದಿನ್ಯಾಗ ಒಂದು ಪ್ರೋಟೀನು ಅಂಟಿ ಕುಂತದ, ಮಾತು ಆ ಕಡೆ ಮುಟ್ಟವಲ್ದು. ನಿಮ್ಮವ್ವ ಬೇಕಂತ ಏನೂ ಮಾಡಿಲ್ಲ ಯಂಕಪ್ಪ. ಇದು ಸಿಟ್ಟಲ್ಲ, ಹುಚ್ಚಲ್ಲ, ಒಂದು ಜಡ್ಡು, ಡಾಕ್ಟರ್ ನೋಡಿ ಇದೇ ಹೌದೋ ಅಲ್ಲೋ ಹೇಳ್ತಾರ, ಒಮ್ಮೊಮ್ಮೆ ರಕ್ತದಾಗಿನ ವಿಟಮಿನ್ ಕೊರತೆಗೂ ಹಿಂಗಾಗ್ತದ, ಅದಾದ್ರ ವಾಸಿನೂ ಆಗ್ತದ. ನನಗೂ ಅದ ಇದು. ಅವನು ಚಿತ್ರ ಬಿಟ್ಟು ನನ್ನ ಮುಖ ನೋಡಿದ, ನಿಮಗೂ ಅದ ಅಂದ್ರ — ನೀವು ಛಂದ ಮಾತಾಡಾಕತ್ತೀರಲ್ರಿ. ಇವತ್ತು ಆಡಾಕತ್ತೀನಿ ಅಂದೆ. ಅವನು ಆ ಬೆರಳಗಲದ ಸಂದಿನ ಮೇಲೆ ತನ್ನ ಹೆಬ್ಬೆರಳು ಇಟ್ಟ, ತೋಟದ ಮಣ್ಣು ಹಿಡಿದ ಹೆಬ್ಬೆರಳು, ಇಲ್ಲೇ ನಿಂತದೇನ್ರಿ ನನ್ನ ಹೆಸರು ಅಂದ. ನಾನು ಹೂಂ ಅಂದೆ. ಇವರು ಅಂಗಳ ಅಳೆಯುತ್ತಾ ಓಡಾಡುತ್ತಿದ್ದರು, ಬೇಲಿಗಿ ಒಂದು ಗೇಟ್ ಹಾಕ್ರಿ ಯಂಕಪ್ಪ, ರೋಡಿಗಿ ಹೋಗೋ ದಾರಿ ಅದೊಂದೇ, ಅಲ್ಲಿ ಬೀಗ ಇರ್ಲಿ, ಕ್ವಾಣಿಗಿ ಬ್ಯಾಡ, ಅಂಗಳದಾಗ ಆಯಿ ತಿರುಗಾಡ್ಲಿ, ನಾಳೆಯಿಂದ ಅಂದ್ರ ಆಗಂಗಿಲ್ಲ, ಮುಳ್ಳು ತಡಿಕಿ ಇಲ್ಲೇ ಅದ, ಇವತ್ತೇ ಕಟ್ಟೋಣು ಬರ್ರಿ. ಇಬ್ಬರೂ ಸೇರಿ ತಡಿಕೆ ಎಳೆದು ನಿಲ್ಲಿಸಿ ತಂತಿ ಬಿಗಿದರು, ಯಂಕಪ್ಪ ಬಂದು ಬಾಗಿಲ ಮುಂದೆ ನಿಂತ, ಕೈ ಎತ್ತಿದ, ಸರಪಳಿ ಬಿಚ್ಚಿದ.

ಸಾಬಮ್ಮ ಹೊಸ್ತಿಲಿಗೆ ಬಂದಳು, ಬೆಳಕಿಗೆ ಕಣ್ಣು ಕಿರಿದು ಮಾಡಿದಳು, ಸಣ್ಣ ಹೆಂಗಸು, ಬೆಳ್ಳನೆಯ ತಲೆ, ನೇರ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು, ನಿನ್ನ ಹೆಸರೇನವ್ವ ಅಂದಳು. ಪಂಚಶೀಲಾ. ಛೊಲೋ ಹೆಸರದ. ಅಂಬಮ್ಮ ಕೆಂಪು ಬಾಳೆಹಣ್ಣು ತಂದುಕೊಟ್ಟಳು, ಸಾಬಮ್ಮ ಸುಲಿದು ಅರ್ಧ ಮುರಿದು ನನಗೆ ಕೊಟ್ಟಳು, ನಿನ್ನ ಹೆಸರೇನವ್ವ. ಪಂಚಶೀಲಾ. ಛೊಲೋ ಹೆಸರದ. ನಿಮ್ಮ ಹೆಸರು ಏನಾಯಿ, ನಾನು ಕೇಳಿದೆ, ಆಗಲೇ ಹೇಳಿದ್ದರು, ಮರೆತಿದ್ದೆ, ನಿಜವಾಗಿ ಮರೆತಿದ್ದೆ. ಸಾಬಮ್ಮ. ಛಂದ ಹೆಸರದ ಅಂದೆ, ಅವಳು ಬಾಯಿ ತುಂಬ ಹಣ್ಣಿಟ್ಟುಕೊಂಡು ನಕ್ಕಳು, ಹಾಗೆ ನಾಲ್ಕು ಸಲ, ಐದು ಸಲ, ನಾನು ಪಂಚಶೀಲಾ, ಅವಳು ಸಾಬಮ್ಮ, ಪ್ರತಿ ಸಲವೂ ಹೊಸ ಹೆಸರು, ಪ್ರತಿ ಸಲವೂ ಛೊಲೋ, ಇಬ್ಬರಿಗೂ ಬೇಸರ ಬರಲಿಲ್ಲ, ಹೀನಾ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು, ಯಾಕೆ ಅಳುತ್ತೀ ಹುಚ್ಚಿ, ನಾವು ಮಾತಾಡುತ್ತಿದ್ದೇವೆ. ಯಂಕಪ್ಪ ತನ್ನವ್ವನ ಕಾಲ ಬಳಿ ಕೂತಿದ್ದ. ಅವನನ್ನೂ ಕೇಳಿದಳು, ನಿನ್ನ ಹೆಸರೇನೋ ತಮ್ಮಾ. ಅವನು ಯಂಕಪ್ಪ ಅಂದ. ಛೊಲೋ ಹೆಸರದ ಅಂದಳು ಅವಳು, ಆ ಹೆಸರು ನಾನೇ ಇಟ್ಟೀನಿ.

ಈಗ ವಾಪಸ್ ಬಸ್ಸು, ಕಿಟಕಿಯಲ್ಲಿ ಸಂಜೆಯ ಬೆಳಕು, ಮುಂದಿನ ವಾರ ಸಾಬಮ್ಮನನ್ನು ಕಲಬುರಗಿಗೆ ಕರೆತರುತ್ತಾನೆ ಯಂಕಪ್ಪ, ಡಾಕ್ಟರ್ ಮುಬಶ್ಶಿರಾಗೆ ತೋರಿಸುತ್ತೇವೆ, ದಿನ ವಾರ ಎಲ್ಲ ಇವರು ಬರೆದುಕೊಂಡಿದ್ದಾರೆ, ತೊಡೆಯ ಮೇಲೆ ಬಾಳೆಹಣ್ಣಿನ ಚಿಪ್ಪು, ಬೆರಳಿನಲ್ಲಿ ಇನ್ನೂ ಸುಣ್ಣ. ರೀ, ಅಂದೆ, ನಾಳೆ ನಾನೂ ರೋಡಿಗಿ ಹೋಗಾಕ ಹತ್ತಿದ್ರ ಬಾಗಲಿಗಿ ಸರಪಳಿ ಹಾಕ್ತೀರೇನು. ಇವರು ಪೇಪರ್ ಮಡಿಚಿದರು. ಮೂವತ್ನಾಕು ವರ್ಷ ಬಸ್ಸಿನ ಬಾಗಲದಾಗೇ ನಿಂತೀನಿ ಟೀಚರ, ಇನ್ನ ಮ್ಯಾಲ ಮನೀ ಬಾಗಲದಾಗ ಕುಂದರ್ತೀನಿ, ನೀ ಹೊರಗ ಹೊಂಟ್ರ ನಾನೂ ಹೊಂಡ್ತೀನಿ. ತಲೆ ಅವರ ಹೆಗಲಿಗೆ ಇಟ್ಟೆ, ಬಸ್ಸಿನ ಡೀಸೆಲ್ ವಾಸನೆ, ರೊಟ್ಟಿಯ ಹಿಟ್ಟಿನ ವಾಸನೆ, ಸುಖವಾಗಿದೆ, ನಾಳೆಗೆ ಇದರಲ್ಲಿ ಎಷ್ಟು ಉಳಿಯುತ್ತದೋ, ಮಕ್ಕಳ ದನಿ ಉಳಿಯುತ್ತದೋ, ಆ ಮುದುಕಿಯ ಹೆಸರು — ಏನದು, ಹೋಗಲಿ, ಛೊಲೋ ಹೆಸರು — ಯಂಕಪ್ಪ ಕೈ ಎತ್ತಿದ್ದು, ಕೊಂಡಿಯಿಂದ ಸರಪಳಿ ಜಾರಿದ್ದು, ಅದು ಚೌಕಟ್ಟಿಗೆ ಬಡಿದ ಸದ್ದು, ಮುದುಕಿ ಹೊರಗೆ ಬಂದ ಮೇಲೂ, ನಾವು ಹೊರಟು ನಿಂತ ಮೇಲೂ ತಿರುಗಿ ನೋಡಿದಾಗ ಅದು ಹಾಗೇ ಜೋತುಬಿದ್ದಿತ್ತು, ತೆರೆದ ಬಾಗಿಲು, ಒಳಗೆ ಹೊಸ್ತಿಲು ದಾಟಿ ಬಿದ್ದ ಬಿಸಿಲು, ಬಿಸಿಲಿನಲ್ಲಿ ಸರಪಳಿ, ಬಿಟ್ಟ ಸರಪಳಿ, ಒಮ್ಮೆ ಇತ್ತ ಒಮ್ಮೆ ಅತ್ತ, ಸರಪಳಿ,